ಏರುದಾರಿಯಲ್ಲಿ ಸ್ವಯಂಚಾಲಿತ ಗಿಯರು

ಕಡಿದಾದ ಕಲ್ಲುಮಣ್ಣಿನ ದಾರಿಗೆ ಸ್ವಯಂಚಾಲಿತ ಗಿಯರುಪೆಟ್ಟಿಗೆ ತಕ್ಕುದಲ್ಲವೆಂಬ ಅಭಿಪ್ರಾಯವು ಬಹುಕಾಲದಿಂದ ಕೇಳಿಬಂದಿದೆ. ಆದರೂ ಅಮೆರಿಕದ ಜೀಪ್ ವ್ಯಾಗನೀರ್ ವಾಹನವು 1963ರ ಮಾದರಿಯಲ್ಲಿಯೇ ನಾಲ್ಕು ಚಕ್ರಗಳ ಚಾಲನೆಯೊಡನೆ ಇಂತಹ ಪೆಟ್ಟಿಗೆಯನ್ನು ಪಡೆದಿತ್ತು. ನಮ್ಮ ದೇಶದಲ್ಲಿ 2020ರಲ್ಲಿ ಹೊರಬಂದ ಮಹೀಂದ್ರ ಥಾರ್ ಮಾದರಿಯಲ್ಲಿಯೂ ಅದು ದೊರೆಯಿತು. ಹಾಗಾದರೆ ಗುಡ್ಡವೇರುವಾಗ ಈ ಯಂತ್ರವನ್ನು ಎಷ್ಟರಮಟ್ಟಿಗೆ ನಂಬಬಹುದು? ಇದರ ಉತ್ತರವನ್ನು ನಾವು ಉಷ್ಣದ ಲೆಕ್ಕದಲ್ಲಿ ಹುಡುಕಬೇಕು.

ಈ ಬಗೆಯ ವಾಹನಗಳಲ್ಲಿ ಎಂಜಿನ್ನಿಗೂ ಗಿಯರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ತಿರುಗುಬಲ ಪರಿವರ್ತಕವಿರುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ ಎಂಬ ಎಂಜಿನಿಯರನು 1905ರಲ್ಲಿ ಹಡಗುಗಳಿಗಾಗಿ ಇದರ ಮೂಲತತ್ತ್ವಕ್ಕೆ ಪೇಟೆಂಟು ಪಡೆದನು. ಎಂಜಿನ್ನು ತಿರುಗಿಸುವ ಪಂಪುಚಕ್ರವು ತೈಲವನ್ನು ರಭಸದಿಂದ ಚಿಮ್ಮಿಸುತ್ತದೆ. ನೀರಿನ ಹೊಡೆತಕ್ಕೆ ಗಿರಣಿಯ ಚಕ್ರ ತಿರುಗುವಂತೆ, ಎದುರಿಗಿರುವ ಟರ್ಬೈನು ಚಕ್ರವು ತಿರುಗುತ್ತದೆ. ಟರ್ಬೈನು ನಿಧಾನವಾಗಿ ತಿರುಗುವಾಗ ತಿರುಗುಬಲವು ಸುಮಾರು ಇಮ್ಮಡಿಯಾಗುತ್ತದೆ. ಇದು ಏರುದಾರಿಗೆ ವರದಾನ. ಆದರೆ ಎರಡು ಚಕ್ರಗಳ ವೇಗದ ಅಂತರ ಹೆಚ್ಚಿದಷ್ಟೂ ಎಂಜಿನ್ನಿನ ಶಕ್ತಿಯ ಹೆಚ್ಚು ಪಾಲು ತೈಲದಲ್ಲಿ ಉಷ್ಣವಾಗಿ ಮಾರ್ಪಡುತ್ತದೆ.

ಒಂದು ಲೆಕ್ಕ ಮಾಡೋಣ. 2,000 ಕಿಲೋಗ್ರಾಂ ತೂಕದ ವಾಹನವು, ದಾರಿಯುದ್ದಕ್ಕೆ 4 ಮೀಟರು ಸಾಗಿದರೆ 1 ಮೀಟರು ಮೇಲೇರುವ ಇಳುಕಲಿನಲ್ಲಿ ಸೆಕೆಂಡಿಗೆ 2 ಮೀಟರಿನಂತೆ ಹತ್ತುತ್ತಿದೆಯೆನ್ನಿ. ಗುರುತ್ವವನ್ನು ಗೆಲ್ಲಲು 4,900 ನ್ಯೂಟನ್ ಬಲವೂ ಸುಮಾರು 10 ಕಿಲೋವಾಟ್ ಸಾಮರ್ಥ್ಯವೂ ಬೇಕು. ಪರಿವರ್ತಕದ ದಕ್ಷತೆ ಶೇಕಡ 50 ಆಗಿದ್ದರೆ, ಇನ್ನೂ 10 ಕಿಲೋವಾಟ್ ತೈಲವನ್ನು ಕಾಯಿಸುತ್ತದೆ. ಸ್ನಾನದ ನೀರು ಕಾಯಿಸುವ, ಒಂದೊಂದು ಕಿಲೋವಾಟಿನ ಹತ್ತು ಸುರುಳಿಗಳನ್ನು ಅದರಲ್ಲಿ ಮುಳುಗಿಸಿಟ್ಟಂತೆಯೇ ಇದು! ಉಷ್ಣವು ಹೊರಹೋಗದಿದ್ದರೆ, 8 ಕಿಲೋಗ್ರಾಂ ತೈಲದ ಉಷ್ಣತೆ ಮೂರು ನಿಮಿಷದೊಳಗಾಗಿ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುವುದು. ಅತಿಯಾಗಿ ಕಾದ ತೈಲವು ಆಕ್ಸಿಜನ್ನಿನೊಡನೆ ಬೆರೆತು ಕೆಡುತ್ತದೆ, ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಕ್ಲಚ್ಚಿನ ಬಿಲ್ಲೆಗಳು ಜಾರಿ ಸುಡುತ್ತವೆ. ವಾಹನವನ್ನು ಗುಡ್ಡದ ನಡುವೆ ನಿಲ್ಲಿಸುವ ವೈರಿ ಇದೇ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲಿಯೇ ಇದೆ. ನಾಲ್ಕು ಚಕ್ರಗಳ ಚಾಲನೆಯ ವಾಹನಗಳಲ್ಲಿರುವ ಕೆಳಶ್ರೇಣಿಯ ಗಿಯರನ್ನು ಹಾಕಿದರೆ, ಅದೇ ವೇಗದ ಏರಿಕೆಗೆ ಟರ್ಬೈನು ಸುಮಾರು ಎರಡೂವರೆ ಪಟ್ಟು ಬೇಗ ತಿರುಗುವುದು. ಅದರ ಮೇಲಿನ ಹೊರೆಯೂ ಅಷ್ಟೇ ಪಾಲು ತಗ್ಗುವುದು. ದಕ್ಷತೆ ಶೇಕಡ 80ಕ್ಕೆ ಏರಿದರೆ, ವ್ಯರ್ಥವಾಗುವ ಉಷ್ಣ ಎರಡೂವರೆ ಕಿಲೋವಾಟಿಗೆ, ಎಂದರೆ ಮೊದಲಿನ ಕಾಲುಭಾಗಕ್ಕೆ, ಇಳಿಯುತ್ತದೆ. ಉಳಿದುದನ್ನು ತೈಲವನ್ನು ತಣಿಸುವ ಕೂಲರು ನಿರ್ವಹಿಸಬಲ್ಲದು.

ಆದುದರಿಂದ ಚಾಲಕರು ಮೂರು ವಿಷಯಗಳನ್ನು ನೆನಪಿಡಬೇಕು. ಏರು ಆರಂಭವಾಗುವ ಮುನ್ನವೇ ಕೆಳಶ್ರೇಣಿಗೆ ಬದಲಾಯಿಸಬೇಕು. ಏರಿನಲ್ಲಿ ನಿಂತಾಗ ಆಕ್ಸಿಲರೇಟರನ್ನು ಒತ್ತಿ ವಾಹನವನ್ನು ತಡೆಹಿಡಿಯಬಾರದು. ಆಗ ಟರ್ಬೈನು ಅಲುಗದಿರುವುದರಿಂದ ಪರಿವರ್ತಕಕ್ಕೆ ಬಂದ ಶಕ್ತಿಯೆಲ್ಲವೂ ಉಷ್ಣವಾಗುತ್ತದೆ. ನಿಲ್ಲಿಸಲು ಬ್ರೇಕನ್ನೇ ಬಳಸಬೇಕು. ಇಳಿಯುವಾಗಲೂ ಕೆಳಗಿನ ಗಿಯರಿನಲ್ಲಿಯೇ ಇದ್ದರೆ ಎಂಜಿನ್ನು ವೇಗವನ್ನು ತಡೆದು ಬ್ರೇಕುಗಳ ಭಾರವನ್ನು ಕಡಿಮೆಮಾಡುತ್ತದೆ.

ಯಂತ್ರವು ಗಿಯರನ್ನು ತಾನೇ ಬದಲಾಯಿಸಬಲ್ಲದು. ಮುಂದೆ ಎಂತಹ ಏರು ಬರುವುದೆಂಬುದನ್ನು ಕಂಡು ಸಿದ್ಧವಾಗುವ ಕೆಲಸ ಚಾಲಕನದು. ಈ ಎಚ್ಚರವಿದ್ದಲ್ಲಿ ಸ್ವಯಂಚಾಲಿತ ಪೆಟ್ಟಿಗೆಯು ಗುಡ್ಡದ ಮೇಲೆಯೂ ನಂಬಿಕೆಗೆ ಅರ್ಹವೆಂದು ನಾವು ಹೇಳಬಹುದು.