ವೀರಗಲ್ಲಿನ ಕಥೆಗೆ ಒಪ್ಪುವ ಚಿತ್ರ ಆರಿಸುವುದು ಹೇಗೆ?

ಕನ್ನಡ ನಾಡಿನ ಊರೂರಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಬಹುಪಾಲು ಒಂದೇ ಕ್ರಮದಲ್ಲಿ ಕಥೆ ಹೇಳುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುದಿಯಲ್ಲಿ ಸೂರ್ಯ ಚಂದ್ರರು. ಓದುವುದು ಕೆಳಗಿನಿಂದ ಮೇಲಕ್ಕೆ.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಂಥ, ಎಲ್ಲರೂ ಸೇರಿ ಕಟ್ಟುವ ತಾಣದಲ್ಲಿ ಈ ಕಥನ ಸಂಪ್ರದಾಯದ ಬಗ್ಗೆ ಬರೆಯುವಾಗ ಯಾವ ಚಿತ್ರ ಹಾಕಬೇಕು? ಅತಿ ಪ್ರಸಿದ್ಧವಾದುದಲ್ಲ, ಅತಿ ಅಂದವಾದುದೂ ಅಲ್ಲ. ಕಥೆ ಸಾಗುವ ಕ್ರಮ ಕಣ್ಣಿಗೆ ಕಾಣುವಂಥದ್ದು.

1. ಮೊದಲು ಒಂದು ವಾಕ್ಯ ಬರೆಯಿರಿ

‘ಹೋರಾಡಿ ಮಡಿದವನು ಹಂತಹಂತವಾಗಿ ದೇವಸನ್ನಿಧಿ ಸೇರುತ್ತಾನೆ’. ಲೇಖನದ ತಿರುಳು ಇಷ್ಟು. ಕಾಳಗ, ಪಯಣ, ಸನ್ನಿಧಿ ಮೂರೂ ಕಾಣುವ ಚಿತ್ರವೇ ಬೇಕೆಂದು ಇದರಿಂದಲೇ ಗೊತ್ತಾಗುತ್ತದೆ.

2. ಹೆಸರಿಗೆ ಮರುಳಾಗಬೇಡಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲಿದೆ. ಕ್ರಿ.ಶ. 949–50ರ ಈ ಶಾಸನ ಕಾಳಿ ಎಂಬ ಬೇಟೆನಾಯಿಯ ಸಾಹಸವನ್ನು ಹೇಳುತ್ತದೆ. ನಾಯಿಯೂ ಹಂದಿಯೂ ಸೆಣಸುವ ಕೆತ್ತನೆ ಮನಸೆಳೆಯುತ್ತದೆ. ಆದರೆ ಸ್ವರ್ಗಾರೋಹಣದ ಮೂರು ಹಂತಗಳು ಅಲ್ಲಿಲ್ಲ. ಅಲ್ಲೇ ಇರುವ ಬೇಗೂರಿನ ವೀರಗಲ್ಲಿಗೆ ಹೆಸರು ಬಂದಿರುವುದು ಆನೆ, ಕುದುರೆಗಳಿಂದ ಕಿಕ್ಕಿರಿದ ಯುದ್ಧದೃಶ್ಯದಿಂದ. ಗಂಗರ ಕಾಲದ ಯುದ್ಧದ ಬಗೆಗಿನ ಲೇಖನಕ್ಕೆ ಅದು ತಕ್ಕುದು. ನಮ್ಮ ಕೆಲಸಕ್ಕೆ ಮೂರು ಪಟ್ಟಿಕೆಗಳು ಸ್ಪಷ್ಟವಾಗಿರುವ, ಹೆಸರಿಲ್ಲದ ಹಳ್ಳಿಗಲ್ಲೇ ಮೇಲು.

3. ಇರುವುದನ್ನು ಹುಡುಕಿ, ಇಲ್ಲದಿದ್ದರೆ ತೆಗೆಯಿರಿ

ಮೊದಲು ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಒಪ್ಪುವುದು ಸಿಗದಿದ್ದರೆ ಕ್ಯಾಮೆರಾ ಹಿಡಿದು ಹೊರಡಿ. ಬೆಂಗಳೂರಿನ ಯಡಿಯೂರು, ಜಯನಗರ, ಬನಶಂಕರಿಯವರಿಗೆ ಬೇಗೂರು ದೂರವಲ್ಲ. ‘ಬೆಂಗಳೂರು’ ಎಂಬ ಹೆಸರು ಕಾಣಿಸುವ, ಸುಮಾರು ಕ್ರಿ.ಶ. 890ರ ಶಾಸನ ಸಿಕ್ಕಿದ ಊರದು. ಹುಡುಕಾಟವನ್ನು ಅಲ್ಲಿನ ನಾಗೇಶ್ವರ ದೇವಸ್ಥಾನದಿಂದ ಶುರು ಮಾಡಬಹುದು.

ಫೋಟೊ ತೆಗೆಯಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ಸವೆದ ಕೆತ್ತನೆಯೂ ನೆರಳಿನಿಂದ ಎದ್ದು ಕಾಣುತ್ತದೆ. ಕಲ್ಲಿಗೆ ನೇರ ಎದುರು ನಿಂತು ಬುಡದಿಂದ ತುದಿಯವರೆಗೆ ಪೂರ್ತಿ ಸೇರಿಸಿ. ಎಷ್ಟೋ ಕಲ್ಲುಗಳ ಬುಡ ಮಣ್ಣಲ್ಲಿ ಹೂತಿರುತ್ತದೆ. ಕಾಳಗದ ಪಟ್ಟಿಕೆ ಹೂತಿದ್ದರೆ ಕಥೆಯ ಆರಂಭವೇ ಇಲ್ಲದಂತಾಗುತ್ತದೆ, ಬೇರೆ ಕಲ್ಲು ನೋಡಿ. ನೀವಾಗಿ ಅಗೆಯಬೇಡಿ. ಅಕ್ಷರ, ಗೆರೆ ಕಾಣಲೆಂದು ಸುಣ್ಣ ಬಳಿಯುವುದು, ಗೀಚುವುದು ಖಂಡಿತ ಕೂಡದು. ಪೂಜೆ ನಡೆಯುವ ಕಡೆ ಅರ್ಚಕರನ್ನು, ವಸ್ತುಸಂಗ್ರಹಾಲಯದಲ್ಲಿ ಸಿಬ್ಬಂದಿಯನ್ನು ಕೇಳಿಯೇ ಕ್ಯಾಮೆರಾ ತೆಗೆಯಿರಿ.

4. ಹಕ್ಕು ಯಾರದೆಂದು ನೋಡಿ

ಸಾವಿರ ವರ್ಷದ ಕಲ್ಲಿಗೆ ಕೃತಿಸ್ವಾಮ್ಯವಿಲ್ಲ, ಆದರೆ ಅದರ ಫೋಟೊಗೆ ಇದೆ. ಬೇರೆಯವರು ತೆಗೆದದ್ದನ್ನು ಮುಕ್ತ ಪರವಾನಗಿಯಿಲ್ಲದೆ ಅಂತರ್ಜಾಲದಿಂದ ಇಳಿಸಿಕೊಂಡು ಹಾಕುವಂತಿಲ್ಲ. ಫೋಟೊ ಬದಲು ಬಿಡಿಸಿದ ಚಿತ್ರ ಬಳಸುವುದಾದರೆ, ಚಿತ್ರಕಲಾವಿದರ ಕೃತಿಗೆ ಭಾರತದಲ್ಲಿ ಅವರ ಜೀವಿತಾವಧಿ ಮತ್ತು ಆನಂತರ 60 ವರ್ಷ ರಕ್ಷಣೆಯಿದೆ. ನಿಮ್ಮದೇ ಫೋಟೊವಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕಾಮನ್ಸ್‌ಗೆ ಏರಿಸಿ, ಊರು, ತಾಲ್ಲೂಕು, ತೆಗೆದ ದಿನಾಂಕ ತುಂಬಿ. ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ‘ವೀರಗಲ್ಲು’ ಬೇಡ. ಇಲ್ಲದ ಕಲ್ಲು ಯಾವುದಕ್ಕೂ ಸಾಕ್ಷಿಯಾಗದು.

5. ಎರಡು ಪರೀಕ್ಷೆ ಮಾಡಿ

ಚಿತ್ರವನ್ನು ಫೋನಿನಲ್ಲಿ ಬೆರಳುಗಾತ್ರಕ್ಕೆ ಇಳಿಸಿ ನೋಡಿ. ಪಟ್ಟಿಕೆಗಳ ನಡುವಿನ ಅಡ್ಡಗೆರೆಗಳು ಆಗಲೂ ಕಾಣಬೇಕು. ಆಮೇಲೆ ವಿವರಣೆ ಮುಚ್ಚಿ, ವಿಷಯ ತಿಳಿಯದ ಒಬ್ಬರಿಗೆ ತೋರಿಸಿ ‘ಏನೇನು ಕಾಣುತ್ತೆ?’ ಎಂದು ಕೇಳಿ. ಅವರು ‘ಯಾವುದೋ ದೇವರ ಕಲ್ಲು’ ಎಂದಷ್ಟೇ ಹೇಳಿದರೆ ಬೇರೆ ಚಿತ್ರ ಹುಡುಕಿ. ಕೆಳಗೆ ಜಗಳ, ಮೇಲೆ ಪೂಜೆ ಎಂದು ಗುರುತಿಸಿದರೆ ಆಯ್ಕೆ ಸರಿಯಾಗಿದೆ.

6. ಓದುವ ದಾರಿ ತೋರುವ ಅಡಿಬರಹ ಕೊಡಿ

‘ಒಂದು ವೀರಗಲ್ಲು’ ಎಂದರೆ ಸಾಲದು. ‘ಕೆಳಗಿನಿಂದ ಮೇಲಕ್ಕೆ: ತುರುಗಳಿಗಾಗಿ ಕಾಳಗ, ಅಪ್ಸರೆಯರೊಡನೆ ವೀರ, ಲಿಂಗದ ಮುಂದೆ ವೀರ’ ಎಂದು ಕಲ್ಲಲ್ಲಿ ಇರುವುದನ್ನೇ ಬರೆಯಿರಿ. ಕಾಲ, ರಾಜವಂಶ ಖಚಿತವಿಲ್ಲದಿದ್ದರೆ ಬಿಟ್ಟುಬಿಡಿ. ಕಣ್ಣು ಕಾಣದವರ ಫೋನು ಓದಿ ಹೇಳಲೆಂದು ಪರ್ಯಾಯ ಪಠ್ಯವನ್ನೂ ಸೇರಿಸಿ.

7. ಬದಲಿಸುವ ಮುನ್ನ ಕೇಳಿ

ಲೇಖನದಲ್ಲಿ ಈಗಾಗಲೇ ಚಿತ್ರವಿದ್ದರೆ ಅದನ್ನು ಹಾಕಿದವರ ಶ್ರಮಕ್ಕೆ ಬೆಲೆ ಕೊಡಿ. ಚರ್ಚೆ ಪುಟದಲ್ಲಿ ಎರಡೂ ಚಿತ್ರಗಳನ್ನಿಟ್ಟು ನಿಮ್ಮದು ಏಕೆ ಹೆಚ್ಚು ಹೊಂದುತ್ತದೆಂದು ಒಂದೆರಡು ಸಾಲಿನಲ್ಲಿ ತಿಳಿಸಿ, ಕೆಲವು ದಿನ ಕಾಯಿರಿ. ಉತ್ತಮವಾದ ಮೂರನೆಯ ಚಿತ್ರವನ್ನು ಬೇರೊಬ್ಬರು ತಂದರೆ ಸಂತೋಷದಿಂದ ಒಪ್ಪಿಕೊಳ್ಳಿ.

ನಗರ ಬೆಳೆದಂತೆ ರಸ್ತೆ, ಚರಂಡಿ, ಕಟ್ಟಡದ ಕೆಲಸಗಳ ನಡುವೆ ವೀರಗಲ್ಲುಗಳು ಮರೆಯಾಗುತ್ತಿವೆ. ಈ ಭಾನುವಾರ ನಿಮ್ಮ ಬಡಾವಣೆಯ ಅಥವಾ ತವರೂರಿನ ಒಂದು ಕಲ್ಲನ್ನು ಹುಡುಕಿ, ಪೂರ್ತಿಯಾಗಿ ಫೋಟೊ ತೆಗೆದು, ಊರಿನ ಹೆಸರಿನೊಂದಿಗೆ ಎಲ್ಲರಿಗೂ ಸಿಗುವಂತೆ ಏರಿಸಿ.