ದೋಣಿಯಲ್ಲಿ ದ್ವೀಪಕ್ಕೆ

ಸುತ್ತಲೂ ನೀರು, ನಡುವೆ ನೆಲ. ಅದೇ ದ್ವೀಪ. ಆರಗದಿಂದ ಉಡುಪಿಗೆ ದೇವರಿಗೆ ಹೋದವರು ಮಲ್ಪೆಗೂ ಹೋಗಿ ಬರ್ರಿ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲ.

ಮಕ್ಕಳ ಕೈ ಹಿಡಿದು ಇಳಿಯಿರಿ. ಕಂಬ ನಿಲ್ಲಿಸಿದ ಹಾಗೆ ಕಲ್ಲುಗಳಿವೆ. ಐದು ಮೂಲೆ, ಆರು ಮೂಲೆ, ಎಣಿಸಿ ನೋಡ್ರಿ. ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಕುದಿಯುವ ಲಾವಾ ಹೊರಗೆ ಬಂತು. ಆರುವಾಗ ಕುಗ್ಗಿ ಬಿರಿಯಿತು. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಿರಿಯುವುದಿಲ್ಲವೇ, ಹಾಗೆ. ನಮ್ಮ ಮಿರಜ ಕಡೆಯ ಕರಿಕಲ್ಲೂ ಲಾವಾದ್ದೇ! ವಯಸ್ಸಿನಲ್ಲಿ ಮಾತ್ರ ಸಣ್ಣದು.

ಬಂಡೆ ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ದಂಡೆಯಲ್ಲಿ ಬೋರ್ಡು ಕಂಡರೆ ನಿಂತು, ಅಕ್ಷರ ಕೂಡಿಸಿ ಓದಿರಿ. ಮಕ್ಕಳಿಗೂ ಓದಿ ಹೇಳಿರಿ.

ಬರೆಯಿರಿ: ದ್ವೀಪ, ಕಲ್ಲು, ಬಂಡೆ, ಅಪಾಯ. 'ದ್ವೀ'ಯಲ್ಲಿ ವ ಒತ್ತು ಮರೆಯಬೇಡಿರಿ.