ಪಿಡುಗು ಮತ್ತು ಉದ್ಯಮ: ತಳೇಗಾಂವದ ಗಾಜಿನ ಕಾರ್ಖಾನೆಯ ನಿದರ್ಶನ

ಪ್ಲೇಗಿನ ಪಿಡುಗು ಕನ್ನಡ ಕಥನ ಸಾಹಿತ್ಯಕ್ಕೆ ಅಪರಿಚಿತವಾದ ವಸ್ತುವಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಅದು ಧರ್ಮಜಿಜ್ಞಾಸೆಯ ಹಿನ್ನೆಲೆಯಾಗಿ ಬರುತ್ತದೆ. ಭೈರಪ್ಪನವರ 'ಗೃಹಭಂಗ'ದಲ್ಲಿ ಊರು ಬಿಟ್ಟು ಹೊರಗೆ ಗುಡಿಸಲು ಕಟ್ಟಿಕೊಳ್ಳುವ ಜನರ ಬವಣೆಯಾಗಿ ಬರುತ್ತದೆ. ಸಾವು, ಸೂತಕ, ವಲಸೆ ಇವುಗಳನ್ನು ಕುರಿತು ವಿಮರ್ಶೆಯೂ ಸಾಕಷ್ಟು ಚರ್ಚಿಸಿದೆ. ಆದರೆ ಊರು ಖಾಲಿಯಾದಾಗ ಅಂಗಡಿಕಾರನ ಸಾಲಸೋಲ ಏನಾಯಿತು, ಕುಶಲಕರ್ಮಿಯ ಕೆಲಸ ಯಾರ ಕೈಸೇರಿತು, ನಿಂತ ಕಸುಬು ಮತ್ತೆ ಯಾವ ರೂಪದಲ್ಲಿ ತಲೆಯೆತ್ತಿತು ಎಂಬ ಪ್ರಶ್ನೆಗಳು ಅಷ್ಟಾಗಿ ಗಮನ ಸೆಳೆದಿಲ್ಲ. 'ಉದ್ಯಮ' ಎಂಬ ಪದಕ್ಕೆ ಮೂಲದಲ್ಲಿ ಮೇಲಕ್ಕೆತ್ತುವುದು, ಪ್ರಯತ್ನಪಡುವುದು ಎಂಬ ಅರ್ಥವಿರುವುದನ್ನು ನೆನೆದರೆ ಈ ಪ್ರಶ್ನೆಗಳು ಭಾಷೆಯ ವಿದ್ಯಾರ್ಥಿಗೂ ಹೊರಗಿನವಲ್ಲ. ಪಿಡುಗಿನ ಕಾಲದಲ್ಲಿಯೂ ಅದರ ತರುವಾಯವೂ ಉದ್ಯಮಗಳು ಹೊಸ ಹಾದಿಯನ್ನು ಹೇಗೆ ಕಂಡುಕೊಳ್ಳುತ್ತವೆ ಎಂಬುದನ್ನು ಪರಿಶೀಲಿಸಲು ಪುಣೆ ಜಿಲ್ಲೆಯ ತಳೇಗಾಂವ ದಾಭಾಡೆ ಎಂಬ ಊರು ಉತ್ತಮ ನೆಲೆಯಾಗಿದೆ.

ಮರಾಠರ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದ ಹೆಸರನ್ನು ಹೊತ್ತಿರುವ ಈ ಊರು ಮುಂಬಯಿ-ಪುಣೆ ರೈಲುಹಾದಿಯ ಮೇಲಿದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಯನ್ನು ತಲುಪಿದ್ದು ಈ ದಿಕ್ಕಿನಿಂದಲೇ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮನೆ ಹೊಕ್ಕು ತಪಾಸಣೆ ಮಾಡುವ ಕ್ರಮದಿಂದ ಜನರು ರೋಷಗೊಂಡರು. ಅದೇ ವರ್ಷ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಇದು ಇತಿಹಾಸದ ಪುಟಗಳಲ್ಲಿ ಎಲ್ಲರೂ ಓದಿರುವ ಸಂಗತಿ. ಅದರ ಜೊತೆಗೇ 1896-97 ಮತ್ತು 1899-1900ರ ಎರಡು ಕ್ಷಾಮಗಳು ಆ ಪ್ರಾಂತವನ್ನು ಹಣ್ಣುಮಾಡಿದ್ದವು ಎಂಬುದನ್ನು ಸೇರಿಸಿಕೊಳ್ಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಪಿಡುಗು ಮೊದಲು ಮುರಿಯುವುದು ವಿಶ್ವಾಸವನ್ನು. ಇಂದು ಇದ್ದವನು ನಾಳೆ ಇರುವನೋ ಇಲ್ಲವೋ ಎಂಬ ಕಾಲದಲ್ಲಿ ಸಾಲ ಕೊಡುವವರಾರು?

ಇಂಥ ಕಾಲದ ಬೆನ್ನಿಗೇ ರೂಪುಗೊಂಡದ್ದು ಪೈಸಾ ಫಂಡ್. ಅದು ಪ್ಲೇಗಿನ ಪರಿಹಾರಕ್ಕೆಂದು ಹುಟ್ಟಿದುದಲ್ಲ; ಸ್ವದೇಶಿ ಚಿಂತನೆಯ ಕೂಸು. ಅಂತಾಜಿ ದಾಮೋದರ ಕಾಳೆಯವರ ಕಲ್ಪನೆ ಅತ್ಯಂತ ಸರಳವಾದುದು: ದೇಶೀಯ ಕೈಗಾರಿಕೆಗಾಗಿ ಪ್ರತಿಯೊಬ್ಬರೂ ವರ್ಷಕ್ಕೆ ಒಂದು ಪೈಸೆ ಕೊಡಲಿ. ಲೋಕಮಾನ್ಯ ಟಿಳಕರು ಅದಕ್ಕೆ ಬೆಂಬಲವಾಗಿ ನಿಂತರು. ಆಗ ರೂಪಾಯಿಗೆ 64 ಪೈಸೆ. ಒಂದು ಲಕ್ಷ ಜನ ಕೊಟ್ಟರೂ ಕೂಡುತ್ತಿದ್ದುದು 1,562 ರೂಪಾಯಿ 8 ಆಣೆ ಮಾತ್ರ. ಲೆಕ್ಕಿಗನು ನಗುವ ಮೊತ್ತವಿದು. ಆದರೆ ಒಬ್ಬ ಸಾಹುಕಾರನ ಸಾವಿನಿಂದಾಗಲಿ ಒಂದು ಪೇಟೆಯ ಪತನದಿಂದಾಗಲಿ ಬತ್ತಿಹೋಗದ ಬಂಡವಾಳ ಇದು ಎಂಬುದೇ ಇದರ ನಿಜವಾದ ಹೊಸತನ. ಯಾವ ಯಂತ್ರವನ್ನೂ ಕಂಡುಹಿಡಿಯದೆ, ಹಣವನ್ನು ಕೂಡಿಸುವ ರೀತಿಯನ್ನಷ್ಟೇ ಬದಲಿಸಿದ ನಾವೀನ್ಯವಿದು.

ಈ ನಿಧಿಯಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ಗಾಜಿನ ಕೆಲಸವನ್ನು ಹೊರದೇಶಗಳಲ್ಲಿ ಅಭ್ಯಾಸ ಮಾಡಿ ಬಂದಿದ್ದ ಈಶ್ವರದಾಸ ವಾರ್ಷ್ಣೇಯರು ಅದರ ತಾಂತ್ರಿಕ ಹೊಣೆ ಹೊತ್ತರು. ಇಲ್ಲಿ ಗಾಜಿನ ಕಸುಬಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಮರಳು, ಸೋಡಾ, ಸುಣ್ಣ ಇವು ಕುಲುಮೆಯ ಮೂಸೆಯಲ್ಲಿ ಸುಮಾರು 1,400 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗಿ ಪಾಕವಾಗಬೇಕು. ಉರಿಯುವ ಕುಲುಮೆಯನ್ನು ಮನಸ್ಸಿಗೆ ಬಂದಾಗ ಆರಿಸುವಂತಿಲ್ಲ. ಒಮ್ಮೆಲೇ ತಣಿದರೆ ಮೂಸೆ ಬಿರಿಯುತ್ತದೆ, ಪಾಕ ಹಾಳಾಗುತ್ತದೆ. ಮೇಲಾಗಿ ಇದು ಒಬ್ಬನ ಕೆಲಸವಲ್ಲ. ಕೊಳವೆಯ ತುದಿಗೆ ಪಾಕವನ್ನು ಸುತ್ತುವವನೊಬ್ಬ, ಊದುವವನೊಬ್ಬ, ಅಂಚು ತಿದ್ದುವವನೊಬ್ಬ. ಒಬ್ಬನು ಹಾಸಿಗೆ ಹಿಡಿದರೆ ಇಡೀ ತಂಡ ಕೈಕಟ್ಟಿ ನಿಲ್ಲಬೇಕು. ಮಗ್ಗವನ್ನು ಒಂದು ತಿಂಗಳು ಮೂಲೆಗಿಟ್ಟು ಮತ್ತೆ ಹೂಡಬಹುದು. ಕುಲುಮೆಗೆ ಆ ಸೌಲಭ್ಯವಿಲ್ಲ. ಹೀಗಾಗಿ ಜನರ ಗೈರುಹಾಜರಿಗೆ, ಅಂದರೆ ಪಿಡುಗಿಗೆ, ಗಾಜಿನ ಉದ್ಯಮದಷ್ಟು ಬೇಗ ಬಲಿಯಾಗುವ ಉದ್ಯಮಗಳು ವಿರಳ.

1890ರ ದಶಕದಿಂದ ಭಾರತದಲ್ಲಿ ಸ್ಥಾಪನೆಯಾದ ಆಧುನಿಕ ಗಾಜಿನ ಕಾರ್ಖಾನೆಗಳು ಒಂದರ ಮೇಲೊಂದು ಸೋತಿದ್ದವು. ನುರಿತ ಕೈಗಳ ಕೊರತೆ, ವಿದೇಶೀ ಪರಿಣತರ ಮೇಲಿನ ಅವಲಂಬನೆ ಆ ಸೋಲಿನ ಮುಖ್ಯ ಕಾರಣಗಳಲ್ಲಿ ಸೇರಿದ್ದವು. ತಳೇಗಾಂವದವರು ಇದನ್ನು ಅರಿತಿದ್ದರೆಂದೇ ತಮ್ಮ ಕಾರ್ಖಾನೆಯನ್ನು ಶಾಲೆಯಾಗಿಯೂ ನಡೆಸಿದರು. ಕಲಿತವರು ಬೇರೆಡೆಗೆ ಹೋಗಿ ಕೆಲಸ ಮಾಡುವುದು ಇಲ್ಲಿ ನಷ್ಟವೆನಿಸಲಿಲ್ಲ. ಅದೇ ಸಂಸ್ಥೆಯ ಗುರಿಯಾಗಿತ್ತು. ವಾರ್ಷ್ಣೇಯರೇ ಮುಂದೆ ಉತ್ತರದ ಬಹಜೋಯಿಯಲ್ಲಿ ಕಾರ್ಖಾನೆ ಕಟ್ಟಿದರು. ವಿದ್ಯೆಯನ್ನು ಗುಟ್ಟಾಗಿಡದೆ ಹಂಚುವುದರಿಂದ ಉದ್ಯಮವು ಒಂದು ಊರಿನ ಆಯುಸ್ಸಿಗೆ ಕಟ್ಟುಬೀಳುವುದಿಲ್ಲ ಎಂಬ ಈ ನಿಲುವು, ವ್ಯಾಪಾರದ ರೂಢಿಗೆ ತೀರ ವಿರುದ್ಧವಾದುದೆಂದೇ ಹೇಳಬೇಕು. ಇದೇ ಊರಿನಲ್ಲಿ ಪ್ರೊ. ವಿಷ್ಣು ಗೋವಿಂದ ವಿಜಾಪುರಕರರು ನಡೆಸಿದ ಸಮರ್ಥ ವಿದ್ಯಾಲಯವನ್ನು 1910ರಲ್ಲಿ ಸರ್ಕಾರ ಮುಚ್ಚಿಸಿತು. ಕಾರ್ಖಾನೆಯ ವೇಷದಲ್ಲಿದ್ದ ಶಾಲೆ ಉಳಿದುಕೊಂಡಿತು!

ಮೊದಲ ಮಹಾಯುದ್ಧ ಜರ್ಮನಿ, ಆಸ್ಟ್ರಿಯಾಗಳ ಗಾಜಿನ ಆಮದನ್ನು ಕಡಿದಾಗ ದೇಶೀಯ ತಯಾರಿಕೆಗೆ ದಾರಿ ತೆರೆಯಿತು. ಬೆಳಗಾವಿಯನ್ನು ಬಿಟ್ಟು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ ಆಶ್ರಯವಿತ್ತ ಔಂಧ ಸಂಸ್ಥಾನದಲ್ಲಿಯೇ 1916ರಲ್ಲಿ ಓಗಲೆ ಸಹೋದರರ ಗಾಜಿನ ಕಾರ್ಖಾನೆ ಆರಂಭವಾಯಿತು. ಅದರ 'ಪ್ರಭಾಕರ' ಕಂದೀಲು ಹೆಸರುವಾಸಿಯಾಯಿತು. 1918ರ ಇನ್‌ಫ್ಲುಯೆಂಜಾ ಒಂದು ಕೋಟಿಗೂ ಮೀರಿ ಭಾರತೀಯರನ್ನು ಬಲಿ ತೆಗೆದುಕೊಂಡಿತು. ಆ ವಿಪತ್ತನ್ನು ದಾಟಿ ಗಾಜಿನ ಕಸುಬು ಈ ನೆಲದಲ್ಲಿ ಬಾಳಿತು.

ವಿಶ್ವಾಸದ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಹಾಫ್‌ಕಿನ್ನರು ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆ ಆ ಕಾಲದ ಅದ್ಭುತ ಶೋಧ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಬಾಟಲಿಯಿಂದ ಚುಚ್ಚುಮದ್ದು ಪಡೆದವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅವರು ಕೆಲಸ ಕಳೆದುಕೊಂಡರು. ದೋಷಮುಕ್ತರಾಗಲು 1907ರವರೆಗೆ ಕಾಯಬೇಕಾಯಿತು. ಶೋಧ ಎಷ್ಟೇ ದೊಡ್ಡದಿರಲಿ, ಅದನ್ನು ಹಳ್ಳಿಗೆ ಮುಟ್ಟಿಸುವ ಬಾಟಲಿ, ಬಿರಡೆ, ಚಿಮಟಗಳ ಶುದ್ಧಿ ಅದರಷ್ಟೇ ಮುಖ್ಯವೆಂಬುದು ಇದರಿಂದ ವಿಶದವಾಗುತ್ತದೆ.

ಕನ್ನಡ ನಾಡಿನಲ್ಲಿ 1898ರ ಪ್ಲೇಗು ಬೆಂಗಳೂರು, ಹುಬ್ಬಳ್ಳಿಗಳನ್ನು ಕಾಡಿತು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನ ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಸರಿದರು. ಪ್ಲೇಗ್ ನಿವಾರಣೆಯ ಕಾರ್ಯಕ್ಕೆಂದು ದೂರವಾಣಿಯ ತಂತಿ ಎಳೆಯಲಾಯಿತು. ತಾತ್ಕಾಲಿಕವೆಂದು ಬಂದುದು ನಗರದ ನಿತ್ಯಜೀವನದಲ್ಲಿ ನೆಲೆಯೂರಿತು.

2020ರಲ್ಲಿ ಕೋವಿಡ್ ಬಂದಾಗ 1897ರ ಆ ಕಾಯಿದೆಯೇ ಮತ್ತೆ ಬಳಕೆಗೆ ಬಂದಿತು. ಪುಣೆಯ ಮೈಲ್ಯಾಬ್ ಸಂಸ್ಥೆ ಸಿದ್ಧಪಡಿಸಿದ ಪರೀಕ್ಷಾ ಕಿಟ್ಟಿಗೆ ಮಾರ್ಚ್ ತಿಂಗಳಲ್ಲಿ ಮನ್ನಣೆ ದೊರೆಯಿತು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವೆಂಟಿಲೇಟರ್ ವಿನ್ಯಾಸವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೈಗೆತ್ತಿಕೊಂಡು 30,000 ಯಂತ್ರಗಳ ಬೇಡಿಕೆಯನ್ನು ಪೂರೈಸಲು ಹೊರಟಿತು. ಆಮದಾಗುತ್ತಿದ್ದ ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸಬೇಕಾಯಿತು. ರಕ್ಷಣಾ ಸಾಮಗ್ರಿಯ ಕಾರ್ಖಾನೆಗೆ ವೈದ್ಯಕೀಯ ಸಂಸ್ಥೆಯೊಂದು ತನ್ನ ವಿನ್ಯಾಸವನ್ನು ಒಪ್ಪಿಸಿದ್ದು ತಳೇಗಾಂವದ ಹಳೆಯ ನೀತಿಗೆ ಹತ್ತಿರವಾದ ನಡೆ. ಮತದಾರರ ಬೆರಳಿಗೆ ಗುರುತು ಹಾಕುವ ಮೈಸೂರಿನ ಅಳಿಸಲಾಗದ ಶಾಯಿ ಆಗ ಗೃಹಬಂಧನದಲ್ಲಿದ್ದವರ ಕೈಮೇಲಿನ ಮುದ್ರೆಗೂ ಒದಗಿತು. ಇವೆಲ್ಲವೂ ಇದ್ದ ಕೌಶಲವನ್ನು ಬೇರೆ ಕೆಲಸಕ್ಕೆ ತಿರುಗಿಸಿಕೊಂಡ ನಿದರ್ಶನಗಳು, ಶೂನ್ಯದಿಂದ ಮೂಡಿದವಲ್ಲ.

ಪಿಡುಗಿನ ನಂತರದ ಕಥೆಯನ್ನು ಮತ್ತೆ ತಳೇಗಾಂವದಲ್ಲಿಯೇ ನೋಡಬಹುದು. ಗಾಜಿನ ಕಾರ್ಖಾನೆ ಹುಟ್ಟಿದ ಸರಿಯಾಗಿ ನೂರು ವರ್ಷಗಳಿಗೆ, 2008ರಲ್ಲಿ, ಅಲ್ಲಿ ಜನರಲ್ ಮೋಟಾರ್ಸ್ ಕಾರು ಕಾರ್ಖಾನೆ ತೆರೆಯಿತು. ಆ ಸಂಸ್ಥೆ ಭಾರತದಲ್ಲಿ ಕಾರು ಮಾರುವುದನ್ನು 2017ರಲ್ಲಿಯೇ ನಿಲ್ಲಿಸಿ, ರಫ್ತಿಗಾಗಿ ಮಾತ್ರ ತಯಾರಿಸುತ್ತಿತ್ತು. ಆದ್ದರಿಂದ ಮುಂದಿನದಕ್ಕೆಲ್ಲ ಕೋವಿಡ್ಡೇ ಕಾರಣವೆನ್ನುವುದು ಸರಿಯಾಗದು. 2020ರ ಜನವರಿಯಲ್ಲಿ ಚೀನದ ಗ್ರೇಟ್ ವಾಲ್ ಸಂಸ್ಥೆಯೊಡನೆ ಆದ ಮಾರಾಟದ ಒಪ್ಪಂದ ಸರ್ಕಾರದ ಅನುಮತಿ ದೊರೆಯದೆ 2022ರಲ್ಲಿ ಮುರಿದುಬಿತ್ತು. ಈ ನಡುವೆ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಂತಿತು. 2021ರಲ್ಲಿ, ಕೋವಿಡ್ಡಿನ ಎರಡನೆಯ ಅಲೆಯ ಹೊತ್ತಿಗೆ, ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಲೇ-ಆಫ್ ನೋಟೀಸು ಬಂದಿತು. ಅವರ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಆಗಸ್ಟಿನಲ್ಲಿ ಹ್ಯುಂಡೈ ಸಂಸ್ಥೆ ಈ ಕಾರ್ಖಾನೆಯನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಹಸ್ತಾಂತರಕ್ಕೆ ಗೊತ್ತುಪಡಿಸಿದ ಆಸ್ತಿ ನೆಲ, ಕಟ್ಟಡ ಮತ್ತು ಆಯ್ದ ಯಂತ್ರೋಪಕರಣಗಳು.